ಠಕ್ಕರ ಕಥೆ ಬರೆದ ಕರ್ನಲ್

ಅರಕಲಗೂಡಿನಲ್ಲಿ ಪೋಷಕರ ಸಭೆಯೊಂದನ್ನು ಮುಗಿಸಿ ಬಸ್ ನಿಲ್ದಾಣದ ಕಡೆಗೆ ಹೊರಟಿದ್ದೆ. ಹಿಂದಿನಿಂದ ಒಬ್ಬರು ಬಿರಬಿರನೆ ಬಂದು ಜೊತೆ ಸೇರಿಕೊಂಡರು. ಆಲೂಗಡ್ಡೆ, ತಂಬಾಕು ಬೆಳೆಯುವ ರೈತರು.

‘ಮೇಷ್ಟ್ರೇ, ಒಂದು ಮಾತು. ನಮ್ಮ ಹುಡುಗಿ ಎಸ್ಸೆಸ್ಸೆಲ್ಸಿ ಆದ್ಮೇಲೆ ಸೈನ್ಸ್ ಬ್ಯಾಡ ಅಂತವಳೆ. ಹಿಸ್ಟರಿ ಓದಿ ಹಳೇ ಕಾಲದ ಕೊಲೆ, ದರೋಡೆ ಕಥೆ ಬರೀತಾಳಂತೆ. ಇದೂ ಒಂದು ಕೆಲಸವಾ? ನೀವೇ ಬುದ್ಧಿ ಹೇಳಿ.’

ನಾನು ವಿಜ್ಞಾನದ ಮೇಷ್ಟ್ರು. ‘ಹೌದು, ಸೈನ್ಸೇ ಓದಲಿ’ ಎಂದುಬಿಡುವುದು ಸುಲಭವಾಗಿತ್ತು. ಆದರೆ ಆ ಹುಡುಗಿಯನ್ನು ನಾನು ಬಲ್ಲೆ. ಪ್ರಯೋಗ ಮಾಡಿ ತೋರಿಸಿದರೆ ‘ಇನ್ನೊಂದು ಸಲ ಮಾಡಿದರೂ ಹೀಗೇ ಬರುತ್ತದಾ ಸಾರ್?’ ಎಂದು ಕೇಳುವವಳು. ಇತ್ತೀಚೆಗೆ ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬರುವ ಬಸ್ಸಿನಲ್ಲಿ ಕುಳಿತರೆ, ಅಕ್ಕಪಕ್ಕದ ಮಕ್ಕಳು ಒಂದೇ ಇಯರ್‌ಫೋನಿನ ಎರಡು ತುದಿ ಹಂಚಿಕೊಂಡು ಮೊಬೈಲಿನಲ್ಲಿ ಕೊಲೆ ಪ್ರಕರಣಗಳ ಕಥೆ ಕೇಳುವುದನ್ನು ನೋಡುತ್ತೇವೆ. ಗದರಿಸಿದರೆ ಅದು ನಿಲ್ಲುವುದಿಲ್ಲ. ಹಾಗಾದರೆ ಅಂಥ ಕಥೆಯನ್ನು ಓದುವುದು ಹೇಗೆ, ಬರೆಯುವುದು ಹೇಗೆ ಎಂದು ಹೇಳಿಕೊಡುವುದೇ ವಾಸಿಯಲ್ಲವೇ? ಅದಕ್ಕೆ ನಮ್ಮ ಕರ್ನಾಟಕದಲ್ಲೇ ಬಾಳಿ ಬರೆದ ಒಬ್ಬನ ಉದಾಹರಣೆ ಇದೆ. ಅವನ ಹೆಸರು ಫಿಲಿಪ್ ಮೆಡೋಸ್ ಟೇಲರ್.

ಕಾಲೇಜು ಕಾಣದ ಹುಡುಗ

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. 1824ರಲ್ಲಿ ಮುಂಬಯಿಯ ಬಂದರಿನಲ್ಲಿ ಇಳಿದಾಗ ಅವನಿಗೆ ಇನ್ನೂ 16 ತುಂಬಿರಲಿಲ್ಲ. ನಮ್ಮ ಹತ್ತನೇ ತರಗತಿಯ ಮಕ್ಕಳ ವಯಸ್ಸು. ಒಬ್ಬ ವ್ಯಾಪಾರಿಯ ಬಳಿ ಕೆಲಸಕ್ಕೆ ಸೇರಿ ಮುಂದೆ ಪಾಲುದಾರನಾಗುವ ಆಸೆಯಿಂದ ಬಂದಿದ್ದ. ಬಂದು ನೋಡಿದರೆ ಆ ವ್ಯಾಪಾರವೇ ಮುಳುಗುವ ಸ್ಥಿತಿಯಲ್ಲಿತ್ತು. ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಅವನಿಗೊಂದು ಕೆಲಸ ಸಿಕ್ಕಿತು.

ಕಾಲೇಜಿನ ಮೆಟ್ಟಿಲು ಹತ್ತದ ಈ ಹುಡುಗ ತಾನೇ ಕಲಿತ ವಿದ್ಯೆಗಳ ಪಟ್ಟಿ ದೊಡ್ಡದು. ಹಿಂದೂಸ್ತಾನಿ, ಮರಾಠಿ, ಪರ್ಷಿಯನ್ ಭಾಷೆಗಳು, ಭೂಮಾಪನ, ಕಟ್ಟಡ ಕಟ್ಟುವ ವಿದ್ಯೆ, ಕಾನೂನು, ಸಸ್ಯಶಾಸ್ತ್ರ, ಭೂವಿಜ್ಞಾನ. ದುಭಾಷಿಯನ್ನು ನಡುವೆ ಇಟ್ಟುಕೊಳ್ಳದೆ ಜನರೊಡನೆ ನೇರವಾಗಿ ಮಾತನಾಡಬಲ್ಲ ಅಧಿಕಾರಿಯಾದ. ಅವನು ಮುಂದೆ ಬರೆದದ್ದಕ್ಕೆಲ್ಲ ಮೂಲ ಬಂಡವಾಳ ಇದೇ.

ಇಪ್ಪತ್ತು ತುಂಬುವ ಮೊದಲೇ ಅವನಿಗೆ ನಿಜಾಮನ ಸೀಮೆಯಲ್ಲಿ ಪೊಲೀಸ್ ಮೇಲ್ವಿಚಾರಣೆಯ ಹೊಣೆ ಬಂತು. ಆಗ ಅಲ್ಲಲ್ಲಿ ಗುರುತು ಸಿಗದ ಹೆಣಗಳು ಪತ್ತೆಯಾಗುತ್ತಿದ್ದವು. ಕೊಂದವರು ಯಾರು, ಸತ್ತವರು ಯಾರು, ಒಂದೂ ತಿಳಿಯದು. ಜಾಡು ಹಿಡಿಯುವಷ್ಟರಲ್ಲಿ ಅವನನ್ನು ಮತ್ತೆ ಪಲ್ಟನ್ನಿಗೆ ಕಳಿಸಿಬಿಟ್ಟರು. ಕೆಲವೇ ವರ್ಷಗಳಲ್ಲಿ ಮಧ್ಯ ಭಾರತದಲ್ಲಿ ವಿಲಿಯಂ ಸ್ಲೀಮನ್ ಎಂಬ ಅಧಿಕಾರಿ ಠಕ್ಕರ ತಂಡಗಳನ್ನು ಬಯಲಿಗೆಳೆದ. ತನ್ನ ಕೈಗೆ ಬಂದಿದ್ದ ಪ್ರಕರಣ ಜಾರಿ ಹೋಯಿತಲ್ಲ ಎಂದು ಟೇಲರ್ ಕೊನೆಯವರೆಗೂ ಪೇಚಾಡಿಕೊಂಡ.

ತಂತಿ ಕಳ್ಳರು

‘ಠಕ್ಕ’ ಎಂಬ ಮಾತು ನಮಗೆ ಹೊಸದಲ್ಲ. ಮೋಸಗಾರನಿಗೆ ಕನ್ನಡದಲ್ಲಿ ಇಂದಿಗೂ ಹಾಗೆಂದೇ ಕರೆಯುತ್ತೇವೆ. ಹಿಂದಿಯ ‘ಠಗ್’ ಇದರ ಸೋದರ. ಅದೇ ಇಂಗ್ಲಿಷಿಗೂ ಹೋಗಿ ‘ಥಗ್’ ಆಯಿತು.

ನಮ್ಮ ಮೈಸೂರು ಸೀಮೆಗೂ ಈ ಕಥೆಯಲ್ಲಿ ಪಾಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಬೆಂಗಳೂರಿನ ಸುತ್ತಮುತ್ತ ಇಂಥ ಸುಮಾರು 100 ಮಂದಿ ಸಿಕ್ಕಿಬಿದ್ದರೆಂದು ದಾಖಲೆಯಿದೆ. ಮದರಾಸಿನ ವೈದ್ಯಾಧಿಕಾರಿ ಡಾ. ಶೆರ್ವುಡ್ 1816ರಲ್ಲಿ ಇವರ ಬಗ್ಗೆ ಒಂದು ಲೇಖನ ಬರೆದ. ದಕ್ಷಿಣದಲ್ಲಿ ಇವರನ್ನು ಫಾಂಸಿಗಾರರು ಎನ್ನುತ್ತಾರೆ, ಕನ್ನಡದಲ್ಲಿ ‘ತಂತಿ ಕಳ್ಳರು’ ಎನ್ನುತ್ತಾರೆ ಎಂದು ಅದರಲ್ಲಿ ಹೇಳಿದ. ಕೊರಳಿಗೆ ಹಾಕುವ ಉರುಲಿನಿಂದ ಬಂದ ಹೆಸರು ಅದು.

ಇವರ ಕಾರ್ಯವಿಧಾನ ಸರಳವಾಗಿತ್ತು, ಅದಕ್ಕೇ ಭಯಾನಕವಾಗಿತ್ತು. ಆಗ ರೈಲಿಲ್ಲ, ತಂತಿಯಿಲ್ಲ. ಜನ ತಿಂಗಳುಗಟ್ಟಲೆ ನಡೆದು ಊರು ಸೇರಬೇಕು. ದಾರಿಯಲ್ಲಿ ಸಭ್ಯರಂತೆ ಜೊತೆಗೂಡಿ, ವಿಶ್ವಾಸ ಗಳಿಸಿ, ಊರಿಂದ ದೂರವಿರುವ ತಾಣದಲ್ಲಿ ಬಟ್ಟೆಯ ಉರುಲು ಬಿಗಿದು ಕೊಂದು, ಹೂತು, ಗಂಟು ಹಂಚಿಕೊಂಡು ಹೋಗಿಬಿಡುವರು. ರಕ್ತವಿಲ್ಲ, ಸಾಕ್ಷಿಯಿಲ್ಲ. ಮನೆಯವರಿಗೆ ಅನುಮಾನ ಹುಟ್ಟುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತಿದ್ದವು.

1836ರಲ್ಲಿ ಸ್ಲೀಮನ್ ‘ರಾಮಸೀಯಾನಾ’ ಎಂಬ ಗ್ರಂಥ ಪ್ರಕಟಿಸಿದ. ಠಕ್ಕರ ಗುಪ್ತ ಮಾತುಗಳ ಕೋಶ ಅದರಲ್ಲಿತ್ತು. ಮೂರು ವರ್ಷಗಳ ನಂತರ, 1839ರಲ್ಲಿ, ಟೇಲರನ ‘ಕನ್ಫೆಷನ್ಸ್ ಆಫ್ ಎ ಥಗ್’ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಹೊರಬಂತು. ಇದು ಅನಾರೋಗ್ಯದ ದಿನಗಳಲ್ಲಿ ಬರೆಯಲು ಹಿಡಿದ ಕಾದಂಬರಿ. ಅಮೀರ್ ಅಲಿ ಎಂಬ ಠಕ್ಕ ತನ್ನ ಜೀವನವನ್ನು ಒಬ್ಬ ಸಾಹೇಬನ ಮುಂದೆ ತಾನೇ ಹೇಳಿಕೊಂಡು ಹೋಗುತ್ತಾನೆ. ಇವನನ್ನು 1832ರಲ್ಲಿ ತಾನು ಕಂಡಿದ್ದಾಗಿಯೂ, ಕಥೆಯ ಬಹುಪಾಲು ನಿಜವೆಂದೂ, ಘಟನೆಗಳನ್ನು ಪೋಣಿಸಲು ಮಾತ್ರ ಕಲ್ಪನೆ ಬೆರೆಸಿದೆನೆಂದೂ ಟೇಲರ್ ಮುನ್ನುಡಿಯಲ್ಲಿ ಹೇಳಿಕೊಂಡ. ಪುಸ್ತಕ ಬಿಸಿಬಿಸಿಯಾಗಿ ಖರ್ಚಾಯಿತು.

719 ಎಂಬ ಅಂಕಿ

ಅಮೀರ್ ಅಲಿ ತಾನು 719 ಕೊಲೆಗಳಲ್ಲಿ ಭಾಗಿ ಎನ್ನುತ್ತಾನೆ. ಇಲ್ಲಿ ವಿಜ್ಞಾನದ ಮೇಷ್ಟ್ರಿಗೆ ಕೆಮ್ಮು ಬರುತ್ತದೆ. ಅಳತೆ ಮಾಡಿದವರು ಯಾರು? ಯಾವ ಸಾಧನದಿಂದ? ಎರಡನೇ ಸಲ ಅಳೆದವರುಂಟೇ?

ಇನ್ನೊಂದು ಅಂಕಿ ನೋಡಿ. ಬೆಹ್ರಾಮ್ ಎಂಬ ಠಕ್ಕ 931 ಜನರನ್ನು ಕೊಂದನೆಂದು ದಾಖಲೆಗಳ ಪುಸ್ತಕಗಳು ಬಹಳ ಕಾಲ ಸಾರಿದವು. ಆದರೆ ಲಖನೌದಲ್ಲಿದ್ದ ಪೇಟನ್ ಎಂಬ ಅಧಿಕಾರಿಯ ಕೈಬರಹದಲ್ಲಿ ಅವನ ಹೇಳಿಕೆಯೇ ಉಳಿದಿದೆ. ಸ್ವಂತ ಕೈಯಿಂದ ಕೊಂದವರು ಸುಮಾರು 125 ಇರಬಹುದು ಎಂದಷ್ಟೇ ಅವನು ಅಲ್ಲಿ ಹೇಳುತ್ತಾನೆ. ಅವನ ತಂಡ ಇದ್ದ ಕಡೆ ನಡೆದುವೆನ್ನಲಾದ ಕೊಲೆಗಳೆಲ್ಲ ಅವನೊಬ್ಬನ ಲೆಕ್ಕಕ್ಕೆ ಬಂದುಬಿಟ್ಟಿದ್ದವು. 125 ಕೂಡ ಘೋರವೇ. ಆದರೆ 125 ಬೇರೆ, 931 ಬೇರೆ.

ಹಾಗೆಯೇ, ಠಕ್ಕರ ಕೈಯಲ್ಲಿ ಸತ್ತವರು ಒಟ್ಟು 20 ಲಕ್ಷ ಎಂಬ ಮಾತು ಗಿನ್ನೆಸ್ ಪುಸ್ತಕದಲ್ಲಿ ಅಚ್ಚಾಯಿತು. 2005ರಲ್ಲಿ ‘ಥಗ್’ ಎಂಬ ಗ್ರಂಥ ಬರೆದ ಮೈಕ್ ಡ್ಯಾಶ್ ಆ ಸಂಖ್ಯೆಯನ್ನು ಸುಮಾರು 50,000ಕ್ಕೆ ಇಳಿಸಿದರು. ಹಳೆಯ ಅಪರಾಧಗಳ ನಿಜ ಕಥೆಗಳನ್ನು ಜನಸಾಮಾನ್ಯರಿಗಾಗಿ ಬರೆಯುವುದನ್ನೇ ಕಸುಬಾಗಿಸಿಕೊಂಡ ಬ್ರಿಟನ್ನಿನ ಇತಿಹಾಸಕಾರರು ಇವರು. ಠಕ್ಕರ ತಂಡಗಳು ಅಳಿಯುವುದಕ್ಕೆ 150 ವರ್ಷಗಳ ಹಿಂದಷ್ಟೇ ಹುಟ್ಟಿದವು ಎಂಬ ಊಹೆಯ ಮೇಲೆ ಅವರ ಲೆಕ್ಕ ನಿಂತಿದೆ. ಊಹೆ ಬದಲಾದರೆ ಉತ್ತರವೂ ಬದಲಾಗುತ್ತದೆ. ಗಣಿತದ ‘ದತ್ತ’ ಎಂಬ ಸಾಲನ್ನು ಮೊದಲು ಓದಿ ಎಂದು ತರಗತಿಯಲ್ಲಿ ಬಡಿದುಕೊಳ್ಳುವುದು ಇದಕ್ಕೇ.

2007ರಲ್ಲಿ ಇದೇ ವಿಷಯದ ಮೇಲೆ ಗ್ರಂಥ ಬರೆದ ಕಿಮ್ ವ್ಯಾಗ್ನರ್ ಇನ್ನೊಂದು ಪ್ರಶ್ನೆ ಎತ್ತಿದರು. ದಾರಿಗಳ್ಳರ ಕೊಲೆಗಡುಕ ತಂಡಗಳು ಇದ್ದದ್ದು ನಿಜ. ಆದರೆ ಇಡೀ ದೇಶದಲ್ಲಿ ಹಬ್ಬಿದ್ದ ಒಂದೇ ರಹಸ್ಯ ಪಂಥ, ದೇವಿಗೆ ನರಬಲಿ ಕೊಡುವ ಮತ ಎಂಬ ಚಿತ್ರ ಎಷ್ಟು ನಿಜ, ಅಧಿಕಾರಿಗಳು ಕಟ್ಟಿದ್ದು ಎಷ್ಟು? ಏಕೆಂದರೆ ನಮಗೆ ತಿಳಿದಿರುವ ಬಹುಪಾಲು ಸಂಗತಿ ಮಾಫಿಸಾಕ್ಷಿಗಳಾದ ಕೈದಿಗಳ ಬಾಯಿಂದ ಬಂದದ್ದು. ಹೇಳಿದರೆ ನೇಣು ತಪ್ಪುತ್ತದೆ, ಹೇಳದಿದ್ದರೆ ಕುತ್ತಿಗೆಗೆ ಬರುತ್ತದೆ. ಅಂಥವನು ಕೇಳುವವರಿಗೆ ಬೇಕಾದದ್ದನ್ನು ಹೇಳದಿರುತ್ತಾನೆಯೇ?

1836ರ ಕಾಯಿದೆಯಂತೂ ಇನ್ನೂ ಮುಂದೆ ಹೋಯಿತು. ಇಂಥ ಕೊಲೆ ಇಂಥವನು ಮಾಡಿದ ಎಂದು ರುಜುವಾತು ಮಾಡಬೇಕಿಲ್ಲ. ಠಕ್ಕರ ತಂಡಕ್ಕೆ ಸೇರಿದ್ದನೆಂದು ತೋರಿಸಿದರೆ ಸಾಕು, ಜೀವಾವಧಿ ಸಜೆ. ಇದೇ ಆಲೋಚನೆ ಬೆಳೆದು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯಾಯಿತು. ಕೆಲವು ಅಲೆಮಾರಿ ಸಮುದಾಯಗಳಲ್ಲಿ ಹುಟ್ಟುವ ಕೂಸೂ ಹುಟ್ಟುವಾಗಲೇ ಕಳ್ಳ ಎಂಬ ಪಟ್ಟಿಗೆ ಸೇರಿತು. ಹುಬ್ಬಳ್ಳಿಯಲ್ಲಿ ಅವರನ್ನು ಕೂಡಿಟ್ಟ ‘ಸೆಟ್ಲಮೆಂಟ್’ ಹೆಸರು ಇಂದಿಗೂ ಉಳಿದಿದೆ. ಸ್ವಾತಂತ್ರ್ಯ ಬಂದ ಐದು ವರ್ಷಗಳ ನಂತರ, 1952ರಲ್ಲಿ, ಆ ಕಾಯಿದೆ ರದ್ದಾಯಿತು.

ಒಂದು ಸ್ಟಾಪ್‌ವಾಚ್

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಸುಮಾರು 25 ವರ್ಷಗಳ ಹಿಂದಿನ ಮಾತು. ಶಾಲೆಯ ಹೆಸರು ಬೇಡ. ಪ್ರಯೋಗಾಲಯದ ಸ್ಟಾಪ್‌ವಾಚ್ ಕಾಣೆಯಾಯಿತು. ಊರಾಚೆ ಗುಡಾರ ಹಾಕಿಕೊಂಡಿದ್ದ ಕುಟುಂಬವೊಂದರ ಹುಡುಗ ಎಂಟನೇ ತರಗತಿಯಲ್ಲಿದ್ದ. ಆ ಹಳೆಯ ಪಟ್ಟಿಯಲ್ಲಿ ಅವರ ಸಮುದಾಯವೂ ಇತ್ತೆಂದು ಆಮೇಲೆ ತಿಳಿಯಿತು. ಯಾರೋ ಅವನತ್ತ ಬೆರಳು ತೋರಿಸಿದರು. ನಾನೂ ಇನ್ನೊಬ್ಬರೂ ಕೂರಿಸಿಕೊಂಡು ಕೇಳಿದೆವು. ಹೊಡೆಯಲಿಲ್ಲ. ‘ಒಪ್ಪಿಕೊಂಡರೆ ಬಿಟ್ಟುಬಿಡುತ್ತೇವೆ’ ಎಂದೆವು, ಅಷ್ಟೇ. ಮೂರನೇ ಸಲ ಕೇಳಿದಾಗ ‘ನಾನೇ ತಗಂಡೆ ಸಾರ್’ ಎಂದ.

ಎಲ್ಲಿದೆ ಎಂದರೆ ಮೊದಲು ಸಂತೆಯಲ್ಲಿ ಮಾರಿದೆ ಎಂದ. ಆಮೇಲೆ ನಾಲೆಗೆ ಬಿತ್ತು ಎಂದ. ಮತ್ತೆ ಕೇಳಿದಾಗ ಮಾವನಿಗೆ ಕೊಟ್ಟೆ ಎಂದ. ಒಂದೇ ಪ್ರಯೋಗಕ್ಕೆ ಮೂರು ಬೇರೆ ಬೇರೆ ಉತ್ತರ ಬಂದರೆ ಪ್ರಯೋಗದಲ್ಲೇ ದೋಷವಿದೆ ಎಂದು ಮಕ್ಕಳಿಗೆ ಕಲಿಸುವವನು ನಾನು. ಅಂದು ನನಗದು ಹೊಳೆಯಲಿಲ್ಲ. ದಾಸ್ತಾನು ಪುಸ್ತಕದಲ್ಲಿ ಅವನ ಹೆಸರು ಬರೆದು ಸಹಿ ಹಾಕಿದೆ. ಹುಡುಗ ಶಾಲೆಗೆ ಬರುವುದನ್ನು ಬಿಟ್ಟ.

ಏಪ್ರಿಲ್‌ನಲ್ಲಿ ಸಾಮಾನು ತಾಳೆ ನೋಡುವಾಗ, ಲೋಲಕದ ಗುಂಡುಗಳಿಡುವ ಪೆಟ್ಟಿಗೆಯ ತಳದಲ್ಲಿ ಸ್ಟಾಪ್‌ವಾಚ್ ಸಿಕ್ಕಿತು. ಅದನ್ನು ಅಲ್ಲಿ ಇಟ್ಟವನು ಬಹುಶಃ ನಾನೇ. ಸಂಜೆ ಊರಾಚೆ ಹೋಗಿ ನೋಡಿದೆ. ಗುಡಾರಗಳಿದ್ದ ಜಾಗದಲ್ಲಿ ಮೂರು ಒಲೆಗಲ್ಲು ಮಾತ್ರ ಉಳಿದಿದ್ದವು.

ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡುವಂತಿಲ್ಲ ಎಂದು 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂ ಹೇಳಿತ್ತು. ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ತತ್ವವನ್ನು ಉಳಿಸಿಕೊಂಡಿದೆ. ಕಾರಣವೇನೆಂದು ನನಗೆ ಯಾರೂ ವಿವರಿಸಬೇಕಾಗಿಲ್ಲ.

ಸುರಪುರದ ‘ಅಪ್ಪ’

ಮತ್ತೆ ಟೇಲರನಿಗೆ ಬರೋಣ. 1841ರಲ್ಲಿ ಅವನನ್ನು ಸುರಪುರ ಸಂಸ್ಥಾನಕ್ಕೆ ಕಳಿಸಿದರು. ಇಂದಿನ ಯಾದಗಿರಿ ಜಿಲ್ಲೆಯ ಸುರಪುರ ಬೇಡ ನಾಯಕರ ರಾಜಧಾನಿ. ದೊರೆ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಟೇಲರ್ 1853ರವರೆಗೆ ಅಲ್ಲಿದ್ದು ಆಡಳಿತ ನೋಡಿಕೊಂಡ. ಕಂದಾಯ ಸರಿಪಡಿಸಿದ, ರಸ್ತೆ ಮಾಡಿಸಿದ, ಬೋನಾಳದ ಕೆರೆಯ ಕೆಲಸ ಮಾಡಿಸಿದ. ಬೆಟ್ಟದ ಮೇಲೆ ಅವನು ಕಟ್ಟಿಸಿಕೊಂಡ ಮನೆ ‘ಟೇಲರ್ ಮಂಜಿಲ್’ ಎಂಬ ಹೆಸರಿನಿಂದ ಇಂದಿಗೂ ನಿಂತಿದೆ. ಸುತ್ತಲಿನ ರಾಜನಕೋಳೂರು ಮೊದಲಾದೆಡೆಯ ಬೃಹತ್ ಶಿಲಾಯುಗದ ಗೋರಿಗಳನ್ನು ಅಗೆದು, ಅಳೆದು, ಚಿತ್ರ ಬರೆದು ಲೇಖನ ಪ್ರಕಟಿಸಿದ. ದಕ್ಷಿಣ ಭಾರತದಲ್ಲಿ ಅಂಥ ಕೆಲಸಕ್ಕೆ ಕೈಹಾಕಿದ ಮೊದಲಿಗರಲ್ಲಿ ಅವನೂ ಒಬ್ಬ. ‘ಮೆಡೋಸ್’ ಎಂಬ ಹೆಸರು ಜನರ ಬಾಯಲ್ಲಿ ‘ಮಹಾದೇವ ಬಾಬಾ’ ಆಯಿತು. ಬಾಲಕ ದೊರೆ ಅವನನ್ನು ‘ಅಪ್ಪ’ ಎಂದು ಕರೆಯುತ್ತಿದ್ದ.

1858ರಲ್ಲಿ ಅದೇ ವೆಂಕಟಪ್ಪ ನಾಯಕ ಇಂಗ್ಲಿಷರ ವಿರುದ್ಧ ಎದ್ದ, ಸೋತು ಸೆರೆಯಾದ. ಸೆರೆಮನೆಯಲ್ಲಿ ಟೇಲರ್ ಅವನನ್ನು ಕಂಡ. ಕಳ್ಳನಂತೆ ನೇಣಿಗೆ ಹಾಕಬೇಡಿ, ಬೇಕಾದರೆ ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಎಂದು ದೊರೆ ಕೇಳಿಕೊಂಡನಂತೆ. ಮರಣದಂಡನೆ ಇಳಿದು, ಕೊನೆಗೆ ನಾಲ್ಕು ವರ್ಷಗಳ ಸೆರೆಯಾಯಿತು. ಕರೆದೊಯ್ಯುವ ದಾರಿಯಲ್ಲಿ, ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದಲೇ ದೊರೆ ಸತ್ತ. ತಾನೇ ಹಾರಿಸಿಕೊಂಡನೋ, ಆಕಸ್ಮಿಕವೋ ಎಂಬ ಪ್ರಶ್ನೆ ಉಳಿದುಕೊಂಡಿತು.

ಈ ಸೆರೆಮನೆಯ ಮಾತುಕತೆ ನಮಗೆ ತಿಳಿದಿರುವುದು ಟೇಲರನ ಆತ್ಮಕಥೆಯಿಂದ. ಅವನು ದೊರೆಯನ್ನು ಪ್ರೀತಿಸಿದ್ದು ನಿಜವಿರಬಹುದು. ಆದರೂ ಅವನು ಆಳುವವರ ಅಧಿಕಾರಿ. ದೊರೆ ತನ್ನ ಕಥೆ ಬರೆಯಲಿಲ್ಲ. ಒಂದು ಕಡೆಯವರ ಪುಸ್ತಕ ಉಳಿದು, ಇನ್ನೊಂದು ಕಡೆಯವರ ದನಿ ಅಳಿದಾಗ ಓದುಗ ಎಚ್ಚರವಾಗಿರಬೇಕು. ನಮ್ಮ ಜಿಲ್ಲೆಯಲ್ಲೇ ನೋಡಿ. 1802ರಲ್ಲಿ ಗಲ್ಲಿಗೇರಿದ ಬಲಂ ಸೀಮೆಯ ವೆಂಕಟಾದ್ರಿ ನಾಯಕ ಇಂಗ್ಲಿಷರ ಕಡತದಲ್ಲಿ ದಂಗೆಕೋರ. ಮಲೆನಾಡಿನ ಜನರಿಗೆ ಅವನು ಹಾಗಿರಬೇಕಿಲ್ಲವಲ್ಲ.

ನೌಕರಿ ಮತ್ತು ಬರವಣಿಗೆ

ಟೇಲರ್ ಹೊಟ್ಟೆಪಾಡಿಗೆ ನೌಕರಿ ಮಾಡಿದ, ಬಿಡುವಿನಲ್ಲಿ ಬರೆದ. 1840ರಿಂದ 1853ರವರೆಗೆ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬಾತ್ಮೀದಾರನಾಗಿದ್ದ. 1860ರಲ್ಲಿ ನಿವೃತ್ತನಾದ ಮೇಲೆ ‘ತಾರಾ’, ‘ರಾಲ್ಫ್ ಡಾರ್ನೆಲ್’, ‘ಸೀತಾ’ ಎಂಬ ಮೂರು ಕಾದಂಬರಿ ಬರೆದ. ಅವುಗಳ ಕಾಲ 1657, 1757, 1857, ನೂರು ವರ್ಷಕ್ಕೊಂದು. 1870ರಲ್ಲಿ ವಿದ್ಯಾರ್ಥಿಗಳಿಗೆಂದೇ ಭಾರತ ಇತಿಹಾಸದ ಕೈಪಿಡಿ ಹೊರತಂದ. ಹಾಸನದವರಿಗೆ ಇನ್ನೊಂದು ಸ್ವಾರಸ್ಯವಿದೆ. 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ಛಾಯಾಚಿತ್ರ ಗ್ರಂಥದಲ್ಲಿ ನಮ್ಮ ಹಳೇಬೀಡಿನ ಗುಡಿಯೂ ಇದೆ. ಅದಕ್ಕೆ ಇತಿಹಾಸದ ವಿವರಣೆ ಬರೆದವನು ಇದೇ ಟೇಲರ್. ಕೊನೆಗಾಲದಲ್ಲಿ ಅವನ ಕಣ್ಣು ಮಂದವಾಯಿತು. 1876ರ ಮೇ 13ರಂದು ಫ್ರಾನ್ಸಿನ ಮೆಂತೋನ್‌ನಲ್ಲಿ ತೀರಿಕೊಂಡ. ಆತ್ಮಕಥೆಯನ್ನು ಮಗಳು 1877ರಲ್ಲಿ ಪ್ರಕಟಿಸಿದಳು.

ಮನೆ ಬಾಗಿಲಲ್ಲೇ ದಾಖಲೆ

ಹಾಗಾದರೆ ಅರಕಲಗೂಡಿನ ಆ ತಂದೆಗೆ ಏನು ಹೇಳಿದೆ?

ಇದೂ ಒಂದು ಕೆಲಸವೇ ಎಂದೆ. ಆದರೆ ಬರೀ ಕಥೆ ಬರೆದು ಮನೆ ನಡೆಸುವುದು ಕಷ್ಟ, ಟೇಲರನೂ ನೌಕರಿ ಬಿಡಲಿಲ್ಲ ಎಂದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕೂ ಕಡೆ ಸರ್ಕಾರಿ ಪದವಿ ಕಾಲೇಜುಗಳಿವೆ. ಇತಿಹಾಸದ ಜೊತೆಗೆ ಕಾನೂನೋ, ಪತ್ರಿಕೋದ್ಯಮವೋ, ಬಿ.ಇಡ್. ಪದವಿಯೋ ಇದ್ದರೆ ಕಾಲು ಊರಲು ನೆಲ ಸಿಗುತ್ತದೆ. ಪತ್ರಾಗಾರ, ಪುರಾತತ್ವ ಇಲಾಖೆಗಳಿವೆ. ಹಳಗನ್ನಡ, ಮರಾಠಿಯ ಮೋಡಿ ಲಿಪಿ, ಪರ್ಷಿಯನ್, ಇವುಗಳಲ್ಲಿ ಒಂದನ್ನು ಓದಬಲ್ಲವರು ಅಪರೂಪ. ಅಪರೂಪದ ವಿದ್ಯೆಗೆ ಬೆಲೆ ಇದ್ದೇ ಇದೆ.

ಕಲಿಕೆಗೆ ಬೆಂಗಳೂರಿಗೇ ಹೋಗಬೇಕೆಂದೇನೂ ಇಲ್ಲ. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ 5ನೇ ಸಂಪುಟ ಪೂರ್ತಿ ಹಾಸನ ಜಿಲ್ಲೆಯ ಶಾಸನಗಳದ್ದು. ನಮ್ಮ ಊರುಗಳ ಕೆರೆ ಏರಿ, ಗುಡಿಯ ಹಿತ್ತಿಲುಗಳಲ್ಲಿ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ದನ ಹೊಡೆದುಕೊಂಡು ಹೋದವರನ್ನು ತಡೆದು ಸತ್ತವನ ಕಲ್ಲು ಎಂದರೆ ಅದು ಆ ಕಾಲದ ಒಂದು ಅಪರಾಧ ವರದಿಯೇ ಅಲ್ಲವೇ? ಸತ್ತವನು ಯಾರು, ಯಾವಾಗ, ಯಾವ ದೊರೆಯ ಕಾಲ, ಕಲ್ಲು ನಿಲ್ಲಿಸಿದವರು ಯಾರು? ದನ ಹೊಡೆದವರ ಕಡೆಯ ಮಾತು ಏಕೆ ಕಲ್ಲಿನಲ್ಲಿಲ್ಲ? ಈ ಐದು ಪ್ರಶ್ನೆಗಳಿಗೆ ಉತ್ತರ ಬರೆದರೆ ಪುಟ್ಟ ಇತಿಹಾಸಕಾರ ಹುಟ್ಟಿದ ಹಾಗೆ.

ಪೋಷಕರಲ್ಲಿ ಒಂದು ವಿನಂತಿ. ಮಗು ಅಪರಾಧದ ಕಥೆ ಕೇಳುತ್ತಿದ್ದರೆ ಇಯರ್‌ಫೋನ್ ಕಿತ್ತುಕೊಳ್ಳುವ ಮೊದಲು ಒಂದು ತುದಿಯನ್ನು ನೀವೂ ಕಿವಿಗಿಟ್ಟುಕೊಳ್ಳಿ. ಕಥೆ ಮುಗಿದ ಮೇಲೆ ‘ಇದು ಇವರಿಗೆ ಹೇಗೆ ಗೊತ್ತಾಯಿತು?’ ಎಂದು ಕೇಳಿ. ಆ ಒಂದು ಪ್ರಶ್ನೆಯನ್ನು ರೂಢಿಸಿಕೊಂಡ ಮಗು ಯಾವ ವಿಷಯ ಓದಿದರೂ ಚಿಂತೆಯಿಲ್ಲ.

ಬಸ್ ನಿಲ್ದಾಣದಲ್ಲಿ ಆ ರೈತರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂದ್ರೆ ಸೈನ್ಸೂ ಹಿಸ್ಟರಿಯೂ ಒಂದೇ ಅಂತೀರಾ ಮೇಷ್ಟ್ರೇ?’ ಎಂದರು. ಎರಡೂ ಒಂದೇ ಅಲ್ಲ, ಆದರೆ ಎರಡರಲ್ಲೂ ಸಹಿ ಹಾಕುವ ಮೊದಲು ಪೆಟ್ಟಿಗೆಯ ತಳ ನೋಡಬೇಕು ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ. ಅಷ್ಟರಲ್ಲಿ ಹಾಸನದ ಬಸ್ಸು ಬಂತು.